ನಾಲ್ಕು ಸಲ ಆಹಾರ ಬದಲಿಸಿದರೂ ನಿಲ್ಲದ ಬೆಕ್ಕಿನ ವಾಂತಿ

ಪ್ರಶ್ನೆ: ನಮ್ಮ ಬೆಕ್ಕಿಗೆ ನಾಲ್ಕು ವರ್ಷ. ಮೂರು ತಿಂಗಳಿಂದ ವಾರಕ್ಕೆರಡು ಸಲ ವಾಂತಿಯಾಗುತ್ತಿದೆ, ಮಲ ತೆಳುವಾಗಿದೆ, ಕೂದಲು ಉದುರುವಷ್ಟು ಕುತ್ತಿಗೆ ಕೆರೆದುಕೊಳ್ಳುತ್ತದೆ. ನಾಲ್ಕು ಬಗೆಯ ಆಹಾರ ಬದಲಿಸಿ ನೋಡಿದೆವು. ಪ್ರತಿ ಸಲವೂ ಒಂದು ವಾರ ಪರವಾಗಿಲ್ಲ ಎನಿಸಿ ಮತ್ತೆ ಮೊದಲಿನಂತಾಗುತ್ತದೆ. ಯಾವ ಆಹಾರ ಒಗ್ಗುವುದಿಲ್ಲ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುತ್ತದೆಯೇ?

ಉತ್ತರ: ತಿಳಿಯುವುದಿಲ್ಲ. ಬೆಕ್ಕುಗಳ ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ರಕ್ತ, ಜೊಲ್ಲು ಅಥವಾ ಕೂದಲಿನ ಪರೀಕ್ಷೆಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ಮೂರು ತಿಂಗಳ ವಾಂತಿಯನ್ನು ಆಹಾರದ ತಲೆಗೇ ಕಟ್ಟುವ ಮೊದಲು ಜಂತುಹುಳು, ಜಿಯಾರ್ಡಿಯಾದಂಥ ಪರೋಪಜೀವಿಗಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ, ಕರುಳಿನ ಉರಿಯೂತ ಇವುಗಳನ್ನು ಪಶುವೈದ್ಯರು ನೋಡಲೇಬೇಕು. ಮಲ ಮತ್ತು ರಕ್ತದ ಪರೀಕ್ಷೆ ಬೇಕಾಗುವುದು ಅದಕ್ಕೆ. ಕೆರೆತಕ್ಕೆ ಚಿಗಟವೂ ಕಾರಣವಿರಬಹುದು. ವಾಂತಿಯಾಗುವಾಗ ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹೊಟ್ಟೆ ಕುಗ್ಗಿಸಿ ಕುಗ್ಗಿಸಿ ಕಕ್ಕುವುದು ಬೇರೆ, ನುಂಗಿದ ಆಹಾರ ಯಾವ ಪ್ರಯಾಸವೂ ಇಲ್ಲದೆ ಜೀರ್ಣವಾಗದೆ ಹಾಗೆಯೇ ಹೊರಬರುವುದು ಬೇರೆ. ಎರಡನೆಯದು ಅನ್ನನಾಳದ ಕಡೆಗೆ ಬೆರಳು ತೋರಿಸುತ್ತದೆ.

ಈ ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ ಉಳಿಯುವ ದಾರಿ ವರ್ಜನೆಯ ಪಥ್ಯ. ನಿಮ್ಮ ಬೆಕ್ಕು ಈವರೆಗೆ ತಿಂದೇ ಇರದ ಒಂದು ಮಾಂಸದ ಆಹಾರವನ್ನಾಗಲಿ, ಪ್ರೋಟೀನನ್ನು ಅಲರ್ಜಿ ಕೆರಳಿಸದಷ್ಟು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವೈದ್ಯಕೀಯ ಆಹಾರವನ್ನಾಗಲಿ ಆರಿಸಿಕೊಂಡು, ಅದೊಂದನ್ನೇ ಕೊಡಬೇಕು. ನೀವು ಎಡವಿದ್ದು ಇಲ್ಲಿಯೇ ಎಂದು ನನ್ನ ಅಂದಾಜು: ಪೊಟ್ಟಣದ ಮುಂಭಾಗದಲ್ಲಿ ಮೀನು ಎಂದಿದ್ದರೂ ಹಿಂಭಾಗದ ಸಣ್ಣಕ್ಷರಗಳಲ್ಲಿ ಕೋಳಿಯೂ ಇರುತ್ತದೆ, ಹೀಗಾಗಿ ನಾಲ್ಕು ಆಹಾರ ಬದಲಾದರೂ ಒಗ್ಗದ ಪದಾರ್ಥ ಬದಲಾಗಿರಲಿಕ್ಕಿಲ್ಲ. ದನದ ಮಾಂಸ, ಮೀನು, ಕೋಳಿ ಇವೇ ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವಂಥವು. ಧಾನ್ಯದ ಮೇಲೆ ಹೊರಿಸುವ ಆರೋಪ ಬಹುಮಟ್ಟಿಗೆ ಅತಿಶಯ. ಹಾಲಿನ ವಿಷಯ ಬೇರೆ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣಿಸುವ ಕಿಣ್ವ ಕಡಿಮೆಯಾಗುವುದರಿಂದ ಭೇದಿಯಾಗುತ್ತದೆಯೇ ಹೊರತು ಅದು ಅಲರ್ಜಿಯಲ್ಲ.

ಹೊಸ ಆಹಾರವನ್ನು ಹಳೆಯದರೊಡನೆ ಬೆರೆಸುತ್ತ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಿ. ಹೊಟ್ಟೆಯ ತೊಂದರೆ ಎರಡರಿಂದ ನಾಲ್ಕು ವಾರಗಳಲ್ಲಿ ಸುಧಾರಿಸಬಹುದು. ಚರ್ಮದ ಕೆರೆತಕ್ಕೆ ಎಂಟು ವಾರವಾದರೂ ಕಾಯಬೇಕು. ಈ ಅವಧಿಯಲ್ಲಿ ಮಾಂಸದ ರುಚಿ ಬೆರೆಸಿದ ಜಂತಿನ ಮಾತ್ರೆ, ಮಗು ಕೈಜಾರಿಸಿದ ಬಿಸ್ಕತ್ತಿನ ಚೂರು, ಇನ್ನೊಂದು ಬೆಕ್ಕಿನ ತಟ್ಟೆ, ಇವುಗಳಲ್ಲಿ ಯಾವುದೊಂದಾದರೂ ಸಾಕು, ಅಷ್ಟು ದಿನದ ಪಥ್ಯ ನೀರುಪಾಲು. ಮನೆಯಲ್ಲಿ ಬೇಯಿಸಿದ ಬರೀ ಮಾಂಸವನ್ನು ತಿಂಗಳುಗಟ್ಟಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದರಲ್ಲಿ ಕ್ಯಾಲ್ಸಿಯಂ ಸಾಲದು, ಬೆಕ್ಕಿಗೆ ಅತ್ಯಗತ್ಯವಾದ ಟಾರಿನ್ ಎಂಬ ಪೋಷಕಾಂಶವೂ ಕೊರತೆಯಾಗಬಹುದು.

ಬೆಕ್ಕು ಸುಧಾರಿಸಿದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತೊಂದರೆ ಮರುಕಳಿಸಿದರೆ ಮಾತ್ರ ಆಹಾರವೇ ಕಾರಣವೆಂದು ಖಚಿತವಾಗುತ್ತದೆ. ಗುಣವಾದ ಬೆಕ್ಕನ್ನು ಮತ್ತೆ ಕೆಣಕಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೂ ಈ ಹಂತವನ್ನು ಬಿಡಬೇಡಿ.

ಹೊಸ ಆಹಾರವನ್ನು ಮೂಸಿ ದೂರ ಸರಿದರೆ, ಹಸಿದಾಗ ತಾನೇ ತಿನ್ನುತ್ತದೆ ಎಂದು ಬಿಗಿಹಿಡಿಯಬೇಡಿ. ಕೆಲವೇ ದಿನ ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಪಥ್ಯವನ್ನು ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.