ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಕಾರು: ಫುಲ್ ಟಾರ್ಟ್ ತಗೊಳ್ಳಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ಗೆ ಬಂದು ಮೊದಲ ಕಾರು ಕೊಳ್ಳುತ್ತಿದ್ದೀರಿ. ಇನ್ಶೂರೆನ್ಸ್ ಕೋಟ್ ತೆಗೆದಾಗ ‘ಫುಲ್ ಟಾರ್ಟ್’, ‘ಲಿಮಿಟೆಡ್ ಟಾರ್ಟ್’ ಎಂದು ಎರಡು ಆಯ್ಕೆ ಕಂಡಿತು. ಲಿಮಿಟೆಡ್ ಅಗ್ಗ, ಅದನ್ನೇ ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಫುಲ್ ಟಾರ್ಟ್ ತಗೊಳ್ಳಿ.

ಯಾರದೋ ಅಜಾಗರೂಕತೆಯಿಂದ ನಿಮಗೆ ಪೆಟ್ಟಾಯಿತು ಎಂದುಕೊಳ್ಳಿ. ಅವರಿಗೆ ದಂಡ, ಶಿಕ್ಷೆ ಏನಿದ್ದರೂ ಅದು ಸರ್ಕಾರ ನೋಡಿಕೊಳ್ಳುವ ವಿಷಯ. ನಿಮಗಾದ ನಷ್ಟವನ್ನು ಅವರಿಂದ ವಸೂಲಿ ಮಾಡುವುದು ನಿಮ್ಮ ಹಕ್ಕು. ಅವರಿಗೂ ನಿಮಗೂ ಮೊದಲೇ ಯಾವ ಕರಾರೂ ಇರಬೇಕಾಗಿಲ್ಲ. ಸಿವಿಲ್ ಕಾನೂನಿನಲ್ಲಿ ಇಂಥ ತಪ್ಪನ್ನೇ ಟಾರ್ಟ್ ಎನ್ನುವುದು. ಊರಲ್ಲೂ ಇದೆ. ಬೆಂಗಳೂರಿನಲ್ಲಿ ಲಾರಿ ಗುದ್ದಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ, ಅಲ್ವಾ? ಆಸ್ಪತ್ರೆ ಖರ್ಚು, ಹೋದ ಸಂಬಳದ ಜೊತೆಗೆ ಪಟ್ಟ ನೋವಿಗೂ ಅಲ್ಲಿ ಬೇರೆಯಾಗಿ ದುಡ್ಡು ಕಟ್ಟಿಕೊಡುತ್ತಾರೆ.

ಲಿಮಿಟೆಡ್ ಟಾರ್ಟ್‌ಗೆ ಸಹಿ ಹಾಕಿದರೆ ಆ ನೋವಿನ ಪರಿಹಾರವನ್ನು ಬಿಟ್ಟುಕೊಟ್ಟ ಹಾಗೆ. ಪ್ರೀಮಿಯಂ ಇಳಿಸಲೆಂದು 1990ರಲ್ಲಿ ಪೆನ್ಸಿಲ್ವೇನಿಯಾ ಈ ಆಯ್ಕೆಯನ್ನು ತಂದಿತು. ಆಸ್ಪತ್ರೆಯ ಬಾಕಿ ಬಿಲ್ಲು, ಕಳೆದುಕೊಂಡ ಸಂಬಳ ಇವನ್ನು ಆಗಲೂ ಕೇಳಬಹುದು. ನೋವಿಗೆ ಮಾತ್ರ ಕೇಳುವ ಹಾಗಿಲ್ಲ. ಅದು ಬೇಕಾದರೆ ಗಾಯ ‘ಗಂಭೀರ’ವಾಗಿರಬೇಕು. ಕಾನೂನು ಹೇಳುವುದು ಮೂರೇ: ಸಾವು, ದೇಹದ ಕೆಲಸಕ್ಕೆ ಗಂಭೀರವಾದ ಅಡ್ಡಿ, ಅಥವಾ ಶಾಶ್ವತವಾಗಿ ಉಳಿಯುವ ಗಂಭೀರ ವಿಕಾರ.

ಈ ‘ಗಂಭೀರ’ದಲ್ಲೇ ತೊಂದರೆ ಇರುವುದು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ನೀವೂ ಹೋಗುತ್ತೀರಿ. ಊರೊಳಗಿಂದ ಪಾರ್ಕ್‌ವೇ ಈಸ್ಟ್ ಹೆದ್ದಾರಿ ಹಿಡಿದರೆ ಸ್ಕ್ವಿರಲ್ ಹಿಲ್ ಸುರಂಗ ಸಿಗುತ್ತದೆ. ಅದರ ಬಾಯಿಗೆ ಬಂದ ಕೂಡಲೇ ಎಲ್ಲರೂ ಬ್ರೇಕ್ ಒತ್ತುತ್ತಾರೆ. ನಮ್ಮ ಪರಿಚಯದ ಒಬ್ಬಾಕೆಯ ಕಾರಿಗೆ ಹೀಗೇ ಹಿಂದಿನಿಂದ ಗುದ್ದಿದರು. ಮೂಳೆ ಮುರಿಯಲಿಲ್ಲ, ಸ್ಕ್ಯಾನ್‌ನಲ್ಲಿ ಏನೂ ದೊಡ್ಡದು ಕಾಣಲಿಲ್ಲ. ಆದರೆ ಕತ್ತು ಹಿಡಿದದ್ದು ತಿಂಗಳುಗಟ್ಟಲೆ ಬಿಡಲಿಲ್ಲ. ರಿವರ್ಸ್ ತೆಗೆಯುವಾಗ ಕತ್ತು ತಿರುಗುತ್ತಿರಲಿಲ್ಲ, ಮೈಯೆಲ್ಲಾ ತಿರುಗಿಸಿ ನೋಡುತ್ತಿದ್ದರು. ಮಗುವನ್ನು ಕಾರ್ ಸೀಟಿಗೆ ಕೂರಿಸಲು ಗಂಡನನ್ನು ಕರೆಯಬೇಕಾಗಿತ್ತು. ತಪ್ಪು ಪೂರ್ತಿ ಆ ಕಡೆಯವನದ್ದೇ. ಆದರೂ ಅವನ ಇನ್ಶೂರೆನ್ಸ್ ಕಂಪನಿ ಕೇಳಿದ ಮೊದಲ ಪ್ರಶ್ನೆ, ನಿಮ್ಮದು ಯಾವ ಟಾರ್ಟ್ ಎಂದು. ಲಿಮಿಟೆಡ್. ಅಲ್ಲಿಗೆ ನೋವಿನ ಮಾತು ಮುಗಿಯಿತು. ಪಾಲಿಸಿ ತೆಗೆದಿದ್ದು ಗಂಡ, ಸಹಿಯೂ ಅವನದ್ದೇ. ಆ ಸಹಿ ಮನೆಯಲ್ಲಿರುವ ಹೆಂಡತಿ, ಮಕ್ಕಳನ್ನೂ ಕಟ್ಟಿಹಾಕುತ್ತದೆ. ಬೇರೆ ಪಾಲಿಸಿಯಲ್ಲಿ ತಮ್ಮದೇ ಹೆಸರಿದ್ದವರಷ್ಟೇ ಇದರಿಂದ ಹೊರಗೆ. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ. ಆ ಹೆಣ್ಣುಮಗಳಿಗೆ ಇಂಥದ್ದೊಂದು ಕಾಗದ ಇದೆ ಎಂಬುದೇ ಗೊತ್ತಿರಲಿಲ್ಲ.

ಕೆಲವು ವಿನಾಯಿತಿಗಳಿವೆ. ಗುದ್ದಿದವನು ಕುಡಿದು ಓಡಿಸಿ ಶಿಕ್ಷೆಗೆ ಒಳಗಾದರೆ, ಅವನ ಗಾಡಿಗೆ ಇನ್ಶೂರೆನ್ಸೇ ಇಲ್ಲದಿದ್ದರೆ, ಇಲ್ಲವೇ ಗಾಡಿ ಬೇರೆ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಲಿಮಿಟೆಡ್ ಇದ್ದವರಿಗೂ ಪೂರ್ತಿ ಹಕ್ಕು ಸಿಗುತ್ತದೆ. ಓಹಾಯೋ, ವೆಸ್ಟ್ ವರ್ಜೀನಿಯಾ ಪಕ್ಕದಲ್ಲೇ ಇರುವುದರಿಂದ ಕೊನೆಯದ್ದು ಇಲ್ಲಿ ಆಗಾಗ ಉಪಯೋಗಕ್ಕೆ ಬರಬಹುದು. ಆದರೆ ಯಾವ ನಂಬರ್ ಪ್ಲೇಟಿನ ಗಾಡಿ ಬಂದು ಗುದ್ದಬೇಕು ಎಂದು ನಾವು ಆರಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಫುಲ್ ಟಾರ್ಟ್ ಕೊಡುವುದು ಕೇಳುವ ಹಕ್ಕನ್ನು ಮಾತ್ರ. ದುಡ್ಡು ಬರಬೇಕಾದದ್ದು ಎದುರಿನವನ ಪಾಲಿಸಿಯಿಂದ. ಊರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸಾವು, ಗಾಯಕ್ಕೆ ಇಂತಿಷ್ಟೇ ಎಂಬ ಮಿತಿ ನಾವು ನೋಡಿಲ್ಲ. ಇಲ್ಲಿ ಹಾಗಲ್ಲ. ಪೆನ್ಸಿಲ್ವೇನಿಯಾದಲ್ಲಿ ಕಡ್ಡಾಯವಿರುವುದು ಒಬ್ಬರ ಗಾಯಕ್ಕೆ 15,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 30,000, ವಸ್ತು ಹಾನಿಗೆ 5,000. ನಿಮ್ಮದೇ ಪಾಲಿಸಿ ಕೊಡುವ ವೈದ್ಯಕೀಯ ಖರ್ಚೂ ಕನಿಷ್ಠ 5,000 ಡಾಲರ್. ಇಲ್ಲಿನ ಆಸ್ಪತ್ರೆ ಬಿಲ್ಲಿನ ಮುಂದೆ ಅದು ಎಷ್ಟು ಹೊತ್ತು ನಿಲ್ಲುತ್ತದೆ, ಹೇಳಿ.

ಅದಕ್ಕೇ ಅನ್‌ಇನ್ಶೂರ್ಡ್, ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರ್ ಎರಡನ್ನೂ ಇಟ್ಟುಕೊಳ್ಳಿ. ಎದುರಿನವನಲ್ಲಿ ಪಾಲಿಸಿ ಇಲ್ಲದಿದ್ದರೆ, ಇದ್ದದ್ದು ಸಾಲದಿದ್ದರೆ ಇವು ನಿಮ್ಮ ಕೈ ಹಿಡಿಯುತ್ತವೆ. ಅಗ್ಗದ ಕೋಟ್ ತೋರಿಸಲು ಏಜೆಂಟ್ ಸುಮ್ನೆ ಇವನ್ನೂ ತೆಗೆದು, ಬೇಡ ಎಂಬ ಫಾರ್ಮ್ ಮುಂದಿಡಬಹುದು. ಅದಕ್ಕೆ ಸಹಿ ಹಾಕಬೇಡಿ. ಈ ಕವರ್ ಬೇಡ ಎನ್ನಲು ನಿಮ್ಮ ಸಹಿಯೇ ಬೇಕು. ಲಿಮಿಟೆಡ್ ಟಾರ್ಟ್‌ಗೂ ಅಷ್ಟೇ, ಏನೂ ಆರಿಸದೆ ಬಿಟ್ಟರೆ ಕಾನೂನು ನಿಮ್ಮನ್ನು ಫುಲ್ ಟಾರ್ಟ್ ಎಂದೇ ಎಣಿಸುತ್ತದೆ. ದುಡ್ಡು ಉಳಿಸಲೇಬೇಕೆಂದರೆ ನಿಮ್ಮ ಕಾರಿನ ರಿಪೇರಿಯ ಡಿಡಕ್ಟಿಬಲ್, ಅಂದರೆ ರಿಪೇರಿಗೆ ಮೊದಲು ನಿಮ್ಮ ಕೈಯಿಂದ ಕಟ್ಟುವ ಪಾಲು, ಅದನ್ನು ಏರಿಸಿ. ಕಾರಿನ ಬಂಪರ್ ವಿಷಯದಲ್ಲಿ ಸ್ವಲ್ಪ ನಷ್ಟವಾದರೆ ತಡೆದುಕೊಳ್ಳಬಹುದು.

ಆನ್‌ಲೈನ್‌ನಲ್ಲಿ ಈಗಾಗಲೇ ಲಿಮಿಟೆಡ್ ಒತ್ತಿದ್ದರೆ ಏಜೆಂಟ್‌ಗೆ ಫೋನ್ ಮಾಡಿ ಬದಲಾಯಿಸುವ ಫಾರ್ಮ್ ಕೇಳಿ. ಸಹಿ ಮಾಡಿದ ಫಾರ್ಮ್ ಅವರ ಕೈ ಸೇರುವ ತನಕ ಹಳೆಯ ಆಯ್ಕೆಯೇ ನಡೆಯುತ್ತದೆ. ಹಾಗಾಗಿ ಕಾರು ಮನೆಗೆ ತರುವ ಮೊದಲೇ ಇದನ್ನು ಮುಗಿಸಿಬಿಡಿ.