ಇಡೀ ಹಂಪಿ ಬೇಡ, ಒಂದು ಬಜಾರು ಸಾಕು

ಪ್ರಶ್ನೆ: ನಾವು ಮೂವರು ಸ್ನೇಹಿತರು. ಒಬ್ಬ ಪ್ರೋಗ್ರಾಮರ್, ಒಬ್ಬಳು ತ್ರೀಡಿ ಕಲಾವಿದೆ, ಕಥೆ ಮತ್ತು ಧ್ವನಿ ನನ್ನದು. ನೌಕರಿಯ ಜೊತೆಗೇ ವಾರಕ್ಕೆ ತಲಾ 12 ಗಂಟೆ ಕೊಡಬಲ್ಲೆವು. ವಿಜಯನಗರ ಕಾಲದ ಹಂಪಿಯಲ್ಲಿ ಎಲ್ಲೆಂದರಲ್ಲಿ ಓಡಾಡಬಹುದಾದ ಓಪನ್ ವರ್ಲ್ಡ್ ಗೇಮ್, ಅದರಲ್ಲಿ ಕತ್ತಿವರಸೆ, ವ್ಯಾಪಾರ, ನಾಲ್ವರು ಕೂಡಿ ಆಡುವ ಮಲ್ಟಿಪ್ಲೇಯರ್: ಇದನ್ನು 18 ತಿಂಗಳಲ್ಲಿ ಕಂಪ್ಯೂಟರ್ ಗೇಮುಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ತರುವ ಆಸೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಉತ್ತರ: ಮೊದಲು ಗಂಟೆಗಳನ್ನು ಎಣಿಸಿ. ಮೂವರು, ವಾರಕ್ಕೆ 12 ಗಂಟೆ, 78 ವಾರ ಅಂದರೆ 2,808 ಗಂಟೆ. ಹಬ್ಬ, ಮದುವೆ, ಜ್ವರ, ಆಫೀಸಿನ ಡೆಡ್‌ಲೈನ್ ಎಂದು ಶೇ. 30 ಕಳೆಯಿರಿ, ಹೆಚ್ಚುಕಡಿಮೆ 1,950 ಉಳಿಯುತ್ತದೆ. ಅದರ ಮೂರನೇ ಒಂದು ಭಾಗವನ್ನು ಬಗ್ ತಿದ್ದಲು, ಸೆಟ್ಟಿಂಗ್ಸ್ ಮೆನು, ಕಂಟ್ರೋಲರ್, ಟ್ರೇಲರ್, ಸ್ಟೋರ್ ಪುಟಕ್ಕೆ ಎತ್ತಿಡಿ. ಗೇಮ್ ಕಟ್ಟುವುದಕ್ಕೇ ಸಿಗುವುದು 1,300 ಗಂಟೆ, ಅಂದರೆ ಒಬ್ಬ ಪೂರ್ಣಾವಧಿ ಕೆಲಸಗಾರನ ಎಂಟು ತಿಂಗಳಿಗೂ ಕಡಿಮೆ. ಎರಿಕ್ ಬರೋನ್ ಒಬ್ಬರೇ ಕೂತು ಸ್ಟಾರ್‌ಡ್ಯೂ ವ್ಯಾಲಿ ಎಂಬ ಗೇಮ್ ಕಟ್ಟಿ ಮುಗಿಸಲು ಸುಮಾರು ನಾಲ್ಕೂವರೆ ವರ್ಷ ಹಿಡಿಯಿತು. 2016ರಲ್ಲಿ ಅದು ಹೊರಬಂದಾಗ ಮಲ್ಟಿಪ್ಲೇಯರ್ ಇರಲಿಲ್ಲ, ಬಂದಿದ್ದು 2018ರಲ್ಲಿ.

ಆದ್ದರಿಂದ ಮಲ್ಟಿಪ್ಲೇಯರ್ ಬಿಡಿ. ಅದು ಒಂದು ಫೀಚರ್ ಅಲ್ಲ, ಉಳಿದೆಲ್ಲ ಕೋಡನ್ನು ಬೇರೆ ಥರ ಬರೆಸುವ ಷರತ್ತು. ಬಾಗಿಲು ತೆರೆದವರು ಯಾರು, ನೆಲದಲ್ಲಿ ಬಿದ್ದ ಚೀಲ ಯಾರ ಪಾಲು, ಒಬ್ಬನ ಕತ್ತಿಯೇಟು ಇನ್ನೊಬ್ಬನ ಪರದೆಗೆ ತಡವಾಗಿ ತಲುಪಿದರೆ ಯಾರ ಮಾತು ನಿಜ: ಪ್ರತಿಯೊಂದಕ್ಕೂ ಉತ್ತರ ಬರೆಯಬೇಕು, ಪ್ರತಿ ಪರೀಕ್ಷೆಗೂ ನಾಲ್ಕು ಯಂತ್ರ ಬೇಕು. ಕೂಡಿ ಆಡುವುದೇ ನಿಮ್ಮ ಗೇಮಿನ ಜೀವ ಎನ್ನುವುದಾದರೆ ಉಳಿದದ್ದನ್ನೆಲ್ಲ ಬಿಟ್ಟು ಒಂದೇ ಅಂಗಳದ ಆಟ ಮಾಡಿ, ನೆಟ್‌ವರ್ಕ್ ಕೋಡನ್ನು ಮೊದಲ ವಾರದಿಂದಲೇ ಬರೆಯಿರಿ.

ಕತ್ತಿವರಸೆ, ವ್ಯಾಪಾರ ಎರಡರಲ್ಲಿ ಒಂದನ್ನು ಆರಿಸಬೇಕು. ಐದು ಆಯುಧ, ಆರು ಬಗೆಯ ಶತ್ರು ಇದ್ದರೆ ಸರಿತೂಗಿಸಬೇಕಾದ ಜೋಡಿ 30. ಇನ್ನೊಂದು ಆಯುಧ ಸೇರಿಸಿದರೆ ಇನ್ನೂ ಆರು ಜೋಡಿ, ಜೊತೆಗೆ ಹೊಸ ಅನಿಮೇಶನ್, ಹೊಸ ಸದ್ದು. ಕಲಾವಿದೆ ಒಬ್ಬರೇ ಇರುವ ತಂಡದಲ್ಲಿ ಕೆಲಸ ಮುಂದೆ ಸಾಗದೆ ನಿಲ್ಲುವುದು ಇಲ್ಲೇ. ವ್ಯಾಪಾರದ ಆಟದಲ್ಲಿ ಹೆಚ್ಚಿನ ಭಾರ ಅಂಕಿ, ಮೆನು, ಸಂಭಾಷಣೆಯ ಮೇಲೆ ಬೀಳುತ್ತದೆ. ಅರಬ್ಬಿ, ಪೋರ್ಚುಗೀಸ್ ವರ್ತಕರ ಕುದುರೆ, ಮೆಣಸು, ವಜ್ರ ಇರುವ ಊರಿನಲ್ಲಿ ಸರಕಿಗೇನು ಕೊರತೆ? ವ್ಯಾಪಾರವನ್ನೇ ಉಳಿಸಿಕೊಳ್ಳಿ ಎನ್ನುವುದು ನಮ್ಮ ಸಲಹೆ.

ಜಾಗಕ್ಕೆ ವಿಠ್ಠಲ ದೇವಾಲಯದ ಬಜಾರು ಬೀದಿ ಧಾರಾಳವಾಗಿ ಸಾಕು. ಅಲ್ಲಿನ ಕಂಬದ ಸಾಲುಮಂಟಪಗಳೇ ನಿಮಗೆ ವರ. ಪೀಠ, ಮೂರು ಬಗೆಯ ಕಂಬ, ತೊಲೆ, ಚಾವಣಿ ಚಪ್ಪಡಿ, ಮೆಟ್ಟಿಲು, ಮೂಲೆತುಂಡು ಎಂದು ಹನ್ನೆರಡು–ಹದಿನೈದು ಮಾಡ್ಯುಲರ್ ತುಂಡುಗಳನ್ನು ಒಂದೇ ಅಳತೆಯ ಗ್ರಿಡ್‌ಗೆ ಕೂರುವಂತೆ ಮಾಡಿಕೊಂಡರೆ ಇಡೀ ಬೀದಿ ಜೋಡಿಸಬಹುದು. ನಗರವಿಡೀ ಬೇಕೆಂದರೆ ದೂರದ ದೃಶ್ಯ, ಭಾಗಭಾಗವಾಗಿ ಲೋಡ್ ಮಾಡುವುದು, ನಕ್ಷೆ, ದಾರಿ ಹುಡುಕುವ ಜನಜಂಗುಳಿ ಎಲ್ಲವೂ ತಲೆಗೆ ಬರುತ್ತದೆ.

ಇಷ್ಟಾದರೂ ಗೇಮ್ ಎಷ್ಟು ಉದ್ದ ಇರಬೇಕೆಂದು ಈಗಲೇ ಹೇಳಲಾಗದು; ನಿಮ್ಮ ವೇಗವನ್ನು ಅಳೆಯಬೇಕು. ಮೊದಲ ನಾಲ್ಕು ವಾರ ಚಿತ್ರವಿಲ್ಲದ ಬರೀ ಬೂದು ಡಬ್ಬಗಳಿಂದ (ಗ್ರೇಬಾಕ್ಸ್) ಆಟ ಕಟ್ಟಿ, ನಿಮ್ಮ ಬಳಗದವರಲ್ಲದ ಐದು ಜನರ ಕೈಗೆ ಕೊಡಿ. ನೀವು ಬಾಯಿ ಬಿಡಬೇಡಿ. ಕೊಂಡು-ಮಾರುವುದು ಆ ಸ್ಥಿತಿಯಲ್ಲೇ ಹಿಡಿಸದಿದ್ದರೆ ಮೇಲ್ಮೈಗೆ ಬಣ್ಣ-ಚಿತ್ರ (ಟೆಕ್ಸ್‌ಚರ್) ಹಾಕಿದ ಮೇಲೂ ಹಿಡಿಸುವುದಿಲ್ಲ. ಆಮೇಲೆ ಹತ್ತು ನಿಮಿಷದ ಒಂದು ಭಾಗವನ್ನು ಚಿತ್ರ, ಸದ್ದು, ಸೇವ್ ಸಮೇತ ಅಂತಿಮ ಗುಣಮಟ್ಟಕ್ಕೆ ತನ್ನಿ. ಬಹಳ ತಂಡಗಳು ಈ ಮೊದಲ ಭಾಗದ ಗಂಟೆಗಳನ್ನೇ ಗುಣಿಸಿ ದಾರಿ ತಪ್ಪುತ್ತವೆ: ಅದರಲ್ಲಿ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಕಲಿತದ್ದು, ಟೂಲ್ ಬರೆದದ್ದು ಎಲ್ಲ ಸೇರಿರುತ್ತದೆ. ಎರಡನೆಯ ಭಾಗವನ್ನೂ ಮುಗಿಸಿ, ಅದರ ಗಂಟೆ ಬರೆದಿಡಿ. ಒಂದು ಭಾಗಕ್ಕೆ ಹಿಡಿಯುವ ಗಂಟೆಗಳ ನಿಜವಾದ ದರ ಅದೇ. ಗ್ರೇಬಾಕ್ಸ್ ಮತ್ತು ಮೊದಲ ಭಾಗಕ್ಕೆ 500 ಗಂಟೆ ಹೋಗಿ, ಎರಡನೆಯದಕ್ಕೆ 130 ಹಿಡಿದರೆ, ಉಳಿದ 800ರಲ್ಲಿ ಅದೂ ಸೇರಿ ಆರು ಭಾಗ ಕೂರುತ್ತವೆ. ಒಟ್ಟು ಏಳು, ಅಂದರೆ 70 ನಿಮಿಷ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರಿಗೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. 70 ನಿಮಿಷದಲ್ಲಿ ಮುಗಿಸಿದವರೂ ಹಣ ವಾಪಸ್ ಕೇಳಬಹುದು, ಹಾಗಾಗಿ ಬೆಲೆ ಏರುಪೇರು, ಹೊಸ ಸರಕುಗಳಿಂದ ಮತ್ತೆ ಆಡಿಸುವ ವಿನ್ಯಾಸ ಬೇಕೇ ಬೇಕು.

ದರ ಏರಿದರೆ ಭಾಗಗಳ ಸಂಖ್ಯೆ ಇಳಿಸಿ, ಗುಣಮಟ್ಟವನ್ನಲ್ಲ. ಹೊಸ ಯೋಚನೆ ಒಳಗೆ ಬರಬೇಕಾದರೆ ಅಷ್ಟೇ ಗಂಟೆಯ ಹಳೆಯದೊಂದು ಹೊರಗೆ ಹೋಗಬೇಕು. ಹಾಲೋ ನೈಟ್ ಎಂಬ ಗೇಮಿಗೆ ಹೆಚ್ಚುವರಿಯಾಗಿ ಬರಬೇಕಿದ್ದ ಇನ್ನೊಂದು ಪಾತ್ರದ ಕಥೆ ಬೆಳೆದು 2019ರಲ್ಲಿ ಸಿಲ್ಕ್‌ಸಾಂಗ್ ಎಂಬ ಪ್ರತ್ಯೇಕ ಗೇಮ್ ಆಗಿ ಘೋಷಣೆಯಾಯಿತು, ಬಿಡುಗಡೆಯಾದದ್ದು 2025ರಲ್ಲಿ. ಮೊದಲ ಗೇಮ್ ಚೆನ್ನಾಗಿ ಮಾರಾಟವಾಗಿದ್ದರಿಂದ ಆ ತಂಡ ಕಾಯಬಹುದಿತ್ತು. ನಿಮಗೆ ಆ ಅನುಕೂಲ ಇಲ್ಲ.

ಸ್ಟೀಮ್‌ಗೆ ಪ್ರತಿ ಗೇಮಿಗೂ 100 ಡಾಲರ್ ಕಟ್ಟಬೇಕು. ಕಟ್ಟಿ 30 ದಿನ ಕಳೆಯದೆ ಬಿಡುಗಡೆ ಮಾಡುವಂತಿಲ್ಲ. ಡೆಮೊ ಉತ್ಸವವಾದ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮ್ ಒಮ್ಮೆ ಮಾತ್ರ ಸೇರಬಹುದು, ಅರ್ಧಂಬರ್ಧ ಡೆಮೊ ಒಯ್ದು ಆ ಅವಕಾಶ ಕಳೆಯಬೇಡಿ.

ಗೇಮಿನಲ್ಲಿ ಕನ್ನಡ ಅಕ್ಷರ ಇರುವುದಾದರೆ ಎಂಜಿನ್ ಆರಿಸುವ ಮುನ್ನವೇ ‘ಸ್ತ್ರೀ’, ‘ಕೃಷ್ಣ’, ‘ಅರ್ಥ’ ಎಂದು ಪರದೆಗೆ ಬರೆಸಿ ನೋಡಿ. ಗೊಡೋ 4 ಎಂಬ ಎಂಜಿನ್ ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಯೂನಿಟಿ ಎಂಜಿನ್ನಿನಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಅವು ಒಡೆದುಹೋಗುತ್ತವೆ, ಅದಕ್ಕೆ ಬೇರೆ ದಾರಿ ಹುಡುಕುವ ಗಂಟೆಗಳೂ ಆ 1,300ರಿಂದಲೇ ಹೋಗುತ್ತವೆ.