ಭೂಕುಸಿತದ ಬಗ್ಗೆ ರಾಕ್ ಆಲ್ಬಂ: ಅಳು ಎಷ್ಟು, ಭರವಸೆ ಎಷ್ಟು ಇರಬೇಕು?

ನಿಮ್ಮದು ಮಡಿಕೇರಿಯ ಬ್ಯಾಂಡ್. 2018ರ ಭೂಕುಸಿತದ ಮೇಲೆ ಆಲ್ಬಂ ಮಾಡುತ್ತಿದ್ದೀರಿ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ದಿ ರೈಸಿಂಗ್’ ಆಲ್ಬಂ ಥರ ಅಳು, ಭರವಸೆ ಎಷ್ಟೆಷ್ಟು ಬೆರೆಸಬೇಕು ಅಂತ ಕೇಳಿದ್ದೀರಿ. ನಾವೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದವರೇ.

ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯೆಲ್ಲ ಗುಡ್ಡ ಕುಸಿದ ವರ್ಷವೇ ಹಾಡು ಕಟ್ಟಿದೆವು. ಕೋರಸ್ ಪೂರ್ತಿ ‘ಮತ್ತೆ ಏಳುತ್ತೇವೆ’. ಸಂತ್ರಸ್ತರಿಗೆ ಹಣ ಕೂಡಿಸಲು ಒಂದು ಕಾರ್ಯಕ್ರಮ. ಹಾಡೇನೂ ಕೆಟ್ಟದಾಗಿರಲಿಲ್ಲ. ಕೆಡಿಸಿದ್ದು ಅದರ ಶುರು. ಮನೆ ಜಾರಿ ಬೀಳುವ ವಿಡಿಯೋ ಆಗ ಎಲ್ಲರ ಮೊಬೈಲಲ್ಲೂ ಓಡಾಡುತ್ತಿತ್ತಲ್ಲ, ಅಂಥದ್ದೊಂದರ ಸದ್ದು ತೆಗೆದು, ಬೇಸ್ ಏರಿಸಿ, ಗಿಟಾರ್‌ಗೆ ಮುಂಚೆ ಹಾಕಿದೆ. ನೆಲ ಅದುರಲಿ ಅಂತ ದೊಡ್ಡ ಸ್ಪೀಕರ್ ಬೇರೆ ಬಾಡಿಗೆಗೆ ತಂದಿದ್ದೆವು. ದುರಂತ ಎಷ್ಟು ದೊಡ್ಡದು ಅಂತ ಗೊತ್ತಾಗಲಿ ಅನ್ನೋದು ನನ್ನ ಆಸೆ. ಯಾರಿಗೆ ಗೊತ್ತಾಗಬೇಕಿತ್ತು? ಬೆಂಗಳೂರಿನವರಿಗೆ. ಮುಂದೆ ಕೂತಿದ್ದವರು ಯಾರು? ಆ ಸದ್ದು ಕೇಳಿಯೇ ಮನೆ ಬಿಟ್ಟು ಓಡಿದವರು. ನಮ್ಮ ಡ್ರಮ್ಮರ್‌ನ ಸೋದರತ್ತೆಯೂ ಅವರಲ್ಲೊಬ್ಬರು. ಸದ್ದು ಬಂದ ಕೂಡಲೇ ಎದ್ದು ಹೊರಗೆ ಹೋದರು. ರಿಹರ್ಸಲ್‌ನಲ್ಲೇ ಅವನು ‘ಇದು ಬೇಕಾ?’ ಅಂದಿದ್ದ. ಸದ್ದು ಜಾಸ್ತಿಯಾಯ್ತು ಅಂತಿದ್ದಾನೆ ಅಂದುಕೊಂಡು ನಾನು ಒಂಚೂರು ವಾಲ್ಯೂಮ್ ಇಳಿಸಿದ್ದೆ, ಅಷ್ಟೇ. ಆಮೇಲೆ ಅವನು ನಮ್ಮ ಜೊತೆ ಬಾರಿಸಲಿಲ್ಲ. ಬ್ಯಾಂಡೂ ಉಳಿಯಲಿಲ್ಲ.

‘ದಿ ರೈಸಿಂಗ್’ನ ನಾನು ಸರಿಯಾಗಿ ಕೇಳಿದ್ದು ಅದಾದ ಮೇಲೆ. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ ದಾಳಿ ಆಗಿ ವರ್ಷ ತುಂಬುವ ಮೊದಲೇ, 2002ರ ಜುಲೈನಲ್ಲಿ ಬಂದ ಆಲ್ಬಂ. ಅದರ ‘ಯೂ ಆರ್ ಮಿಸ್ಸಿಂಗ್’ ಕೇಳಿ. ವಿಮಾನ ಇಲ್ಲ, ಸ್ಫೋಟ ಇಲ್ಲ. ಅಡುಗೆಕಟ್ಟೆ ಮೇಲೆ ಕಾಫಿ ಕಪ್ಪುಗಳಿವೆ, ಕುರ್ಚಿ ಮೇಲೆ ಜಾಕೆಟ್ಟುಗಳಿವೆ, ಮನುಷ್ಯ ಮಾತ್ರ ಇಲ್ಲ. ಭರವಸೆಯನ್ನೂ ತುರುಕಿಲ್ಲ. ಇನ್ನು ಎಲ್ಲರಿಗೂ ಧೈರ್ಯ ಕೊಟ್ಟ ಕೊನೆಯ ಹಾಡು ‘ಮೈ ಸಿಟಿ ಆಫ್ ರೂಯಿನ್ಸ್’ ಇದೆಯಲ್ಲ, ಅದು ದಾಳಿಗಿಂತ ಮುಂಚಿನದು. ಪಾಳುಬಿದ್ದಿದ್ದ ಆಸ್ಬರಿ ಪಾರ್ಕ್ ಅನ್ನೋ ಊರಿನ ಬಗ್ಗೆ ಬರೆದು, 2000ದಲ್ಲೇ ಹಾಡಿದ್ದು. ದುರಂತ ಆಯ್ತು, ಈಗೊಂದು ಭರವಸೆ ಹೊಸೆಯೋಣ ಅಂತ ಕೂತು ಬರೆದದ್ದಲ್ಲ.

ಹಾಗಾಗಿ ನಿಮ್ಮ ಅಳತೆ ಲೆಕ್ಕವೇ ತಪ್ಪು ಅಂತೀನಿ. ಒಂದೊಂದು ಹಾಡಿಗೂ ಒಬ್ಬೊಬ್ಬ ಮನುಷ್ಯ ಸಿಗಲಿ. ಅವರಿಗೆ ಭರವಸೆ ಇಲ್ಲದಿದ್ದರೆ ಹಾಡಿನಲ್ಲೂ ಬೇಡ. ಸ್ಪ್ರಿಂಗ್‌ಸ್ಟೀನ್ ಥರ 15 ಹಾಡಂತೂ ಬೇಡವೇ ಬೇಡ, ಅವನ ಆಲ್ಬಮ್ಮೇ ನನಗೆ ಉದ್ದ ಅನಿಸುತ್ತೆ.

ಅದೇ ಆಲ್ಬಮ್‌ನ ‘ವರ್ಲ್ಡ್ಸ್ ಅಪಾರ್ಟ್’ ಹಾಡಿನಲ್ಲಿ ಪಾಕಿಸ್ತಾನದ ಆಸಿಫ್ ಅಲಿ ಖಾನ್ ತಂಡದ ಕವ್ವಾಲಿ ಇದೆ. ಅದನ್ನು ಕೇಳಿ ಕಂಪ್ಯೂಟರಿನಲ್ಲಿ ಸುಮ್ನೆ ಕೊಡವರ ದುಡಿ ವಾದ್ಯದ ಸದ್ದು ಅಂಟಿಸಬೇಡಿ. ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತಾ ಹಾಡುವ ಕೊಡವ ಜನಪದ ಹಾಡು) ಹಾಡುವವರನ್ನೇ ಕರೆಸಿ, ಅವರು ಹಾಡುವಾಗ ಗಿಟಾರ್ ನಿಲ್ಲಿಸಿ.

ಸ್ಟುಡಿಯೋಗೆ ದುಡ್ಡು ಸುರಿಯುವ ಮೊದಲು ಮನೆ ಕಳೆದುಕೊಂಡವರ ಎದುರು ಒಂದೇ ಗಿಟಾರ್ ಹಿಡಿದು ಹಾಡಿ. ಜಂಬೂರಿನ ಪುನರ್ವಸತಿ ಮನೆಗಳು ನಿಮಗೇನು ದೂರವಲ್ಲ. ಅವರು ಬೇಡ ಅಂದ ಹಾಡು ಬೇಡ. ಡ್ರೋನ್ ವಿಡಿಯೋ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ.